ಪದಚರ್ಚೆ: ಅಂದಾಜು ಪಟ್ಟಿಯ ‘ಲೀಡ್’, ‘ಲಿಫ್ಟ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಹೆದ್ದಾರಿ ಕಾಮಗಾರಿಗಳ ಅಂದಾಜು ಪಟ್ಟಿ ತಯಾರಿಸುವ ಕಿರಿಯ ಇಂಜಿನಿಯರುಗಳಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಗೆದ ಮಣ್ಣನ್ನು ಒಯ್ಯುವ ದೂರಕ್ಕೆ ‘ಲೀಡ್’ ಎಂದೂ ಮೇಲಕ್ಕೆತ್ತುವ ಅಳತೆಗೆ ‘ಲಿಫ್ಟ್’ ಎಂದೂ ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಮೊದಲನೆಯದಕ್ಕೆ ‘ಸಾಗಿಸಿದ ದೂರ’ ಎಂದು ಬರೆದಿದ್ದೇನೆ; ಎರಡನೆಯದಕ್ಕೆ ‘ಎತ್ತರ’ ಎಂದರೆ ಸಾಲದೆನಿಸುತ್ತಿದೆ. ಸೋಮವಾರ ಕರಡು ಅಚ್ಚಿಗೆ ಹೋಗಬೇಕಾಗಿದೆ. ಬಲ್ಲವರು ಬೇಗ ತಿಳಿಸಬೇಕಾಗಿ ವಿನಂತಿ.

ಉತ್ತರ 1:
‘ದೂರ’ ಸಂಸ್ಕೃತ. ‘ಒಯ್’ ಧಾತುವಿನಿಂದ ‘ಒಯ್ಪು’ ಎಂದೂ ‘ಎತ್ತು’ ಎಂಬರ್ಥದ ಹಳಗನ್ನಡದ ‘ನೆಗಪು’ವಿನಿಂದ ‘ನೆಗಹು’ ಎಂದೂ ಪಡೆಯಬಹುದಾಗಿರುವಾಗ ಪರರ ಹಂಗೇಕೆ? ‘ಪು’ ಪ್ರತ್ಯಯ ನೆನಪು, ಹೊಳಪುಗಳಲ್ಲಿ ಇಂದಿಗೂ ಜೀವಂತವಾಗಿದೆ. ‘ಅಂದಾಜು’ ಕೂಡ ಪಾರಸಿಯ ಮಾತು; ಅದನ್ನೂ ಕಿತ್ತುಹಾಕುವುದು ಲೇಸು. ಇಂಜಿನಿಯರುಗಳಿಗೆ ಅರ್ಥವಾಗದೆಂಬ ಸಬೂಬನ್ನು ನಾನು ಒಪ್ಪುವುದಿಲ್ಲ.

ಉತ್ತರ 2:
‘ಸಬೂಬು’ ಎಲ್ಲಿಯದೆಂದು ಮೇಲಿನವರು ನಿಘಂಟು ನೋಡಲಿ. ‘ಧಾತು’, ‘ಪ್ರತ್ಯಯ’ಗಳಿಲ್ಲದೆ ತಮ್ಮ ವಾದವನ್ನೇ ಮಂಡಿಸಲಾಗದವರು ರಸ್ತೆಬದಿಯ ಕಾಮಗಾರಿ ಫಲಕದಲ್ಲಿ ಹಳ್ಳಿಯವರೂ ಓದಿಕೊಳ್ಳುವ ‘ಅಂದಾಜು ಮೊತ್ತ’ವನ್ನು ಅಳಿಸಹೊರಡುವುದು ವಿಚಿತ್ರ.

ಪ್ರಶ್ನೆಗೆ ಬರುತ್ತೇನೆ. ‘ಸಾಗಿಸಿದ ದೂರ’ ತಪ್ಪು. ಅಳತೆ ಪದ್ಧತಿಯ ಭಾರತೀಯ ಮಾನಕವಾದ ಐಎಸ್ 1200ರ ಪ್ರಕಾರ ಲೀಡ್ ಎಂದರೆ ಸಾಗಿಸಲು ಸಾಧ್ಯವಿರುವ ಅತಿ ಹತ್ತಿರದ ಹಾದಿಯ ದೂರವೇ ಹೊರತು ಟಿಪ್ಪರ್ ನಿಜವಾಗಿ ಓಡಿದ ದೂರವಲ್ಲ. ಗುತ್ತಿಗೆದಾರ ತನ್ನ ಅನುಕೂಲಕ್ಕೆ ಸುತ್ತುದಾರಿ ಹಿಡಿದರೆ ಆ ಹೆಚ್ಚಿನ ದೂರಕ್ಕೆ ಹಣವಿಲ್ಲ. ‘ಸಾಗಿಸಿದ’ ಎಂಬ ಭೂತಕೃದಂತವನ್ನು ಕೈಪಿಡಿಯಲ್ಲಿ ಅಚ್ಚು ಮಾಡಿಸಿದರೆ ಬಿಲ್ಲಿನ ತಕರಾರಿಗೆ ನೀವೇ ಆಧಾರ ಒದಗಿಸಿದಂತಾಗುತ್ತದೆ. ‘ಸಾಗಣೆ ದೂರ’ ಎಂದು ಬರೆಯಿರಿ.

ಅಗೆತದ ದರದಲ್ಲಿಯೇ ಸಾಮಾನ್ಯವಾಗಿ 50 ಮೀಟರ್ ಲೀಡ್, 1.5 ಮೀಟರ್ ಲಿಫ್ಟ್ ಸೇರಿರುತ್ತವೆ. ಅದನ್ನು ಮೀರಿದ ಭಾಗಕ್ಕಷ್ಟೇ ಬೇರೆ ದರ. ಹೊಸಬರು ಎಡವುವುದೇ ಇಲ್ಲಿ: ಇಡೀ ದೂರಕ್ಕೂ ಸಾಗಣೆ ದರ ಹಾಕಿ, ಮೊದಲ 50 ಮೀಟರನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಮೀರಿದ ಭಾಗಕ್ಕೆ ಎಲ್ಲೆಡೆಯೂ ‘ಹೆಚ್ಚುವರಿ ಸಾಗಣೆ’ ಎಂಬ ಒಂದೇ ಹೆಸರಿರಲಿ.

ಲಿಫ್ಟ್‌ಗೆ ಬರಿಯ ‘ಎತ್ತರ’ ಎಂದರೆ ಮಣ್ಣಿನ ಏರಿಯ ಎತ್ತರವೆಂದು ಓದುವವರು ಭಾವಿಸುತ್ತಾರೆ. ಪಡಿತರ ಧಾನ್ಯದ ಸಂದರ್ಭದಲ್ಲಿ ಈಗಾಗಲೇ ಬಳಕೆಯಲ್ಲಿರುವ ‘ಎತ್ತುವಳಿ’ ಇಲ್ಲಿಯೂ ಒಪ್ಪುತ್ತದೆ, ‘ನೆಗಹು’ ಕಾವ್ಯಕ್ಕಿರಲಿ. ಕ್ವಾರಿಯಿಂದ ಜಲ್ಲಿ ತರುವ ದೂರಗಳನ್ನು ತೋರಿಸುವ ‘ಲೀಡ್ ಚಾರ್ಟ್’ ಎಂಬ ಕೋಷ್ಟಕದ ಹೆಸರನ್ನು ಮಾತ್ರ ಹಾಗೆಯೇ ಉಳಿಸಿ, ಏಕೆಂದರೆ ಕಡತದಲ್ಲಿ ಇಂಜಿನಿಯರುಗಳು ಹುಡುಕುವುದು ಆ ಹೆಸರನ್ನೇ.