ಸ್ಪಿಟ್‌ಫೈರ್ ಮಾರ್ಕ್ 1: ಸಿಮ್ಯುಲೇಟರ್ ಮಾದರಿಯಲ್ಲಿ ವಿವರಗಳನ್ನು ಯಾವ ಹಂತದಲ್ಲಿ, ಎಷ್ಟರಮಟ್ಟಿಗೆ ತರಬೇಕು?

ಗಾಳಿಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 1ರ ವಿವರವಾದ ಮಾದರಿಯೊಂದನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೂಪಿಸಿ, ಎಕ್ಸ್-ಪ್ಲೇನ್ ಎಂಬ ವಿಮಾನ ಹಾರಾಟದ ಸಿಮ್ಯುಲೇಟರ್‌ನಲ್ಲಿ ಹಾರಿಸುವ ಉದ್ದೇಶದಿಂದ ಕೆಲಸ ಆರಂಭಿಸಿದ್ದೇನೆ. ಹೊರಮೈಯ ಒರಟು ಆಕಾರ ಸಿದ್ಧವಾಗಿದೆ. ಆದರೆ ಅಂತರ್ಜಾಲದಲ್ಲಿ ದೊರೆತ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಮೂತಿಯ ಕೆಳಭಾಗ, ರೆಕ್ಕೆಯ ಬುಡ ಮತ್ತು ಕಾಕ್‌ಪಿಟ್‌ನ ಮುಚ್ಚಳ ಪರಸ್ಪರ ತಾಳೆಯಾಗುತ್ತಿಲ್ಲ. ಯಾವುದನ್ನು ನಂಬುವುದೆಂದು ತಿಳಿಯದೆ ಕೆಲಸ ಅಲ್ಲಿಯೇ ನಿಂತಿದೆ.

ಇದರೊಂದಿಗೆ ಇನ್ನೆರಡು ಸಂದೇಹಗಳಿವೆ. ರಿವೆಟ್‌ಗಳನ್ನು, ತಗಡಿನ ಕೂಡುಗೆರೆಗಳನ್ನು ಆಕಾರದಲ್ಲಿಯೇ ಮೂಡಿಸಬೇಕೇ, ಟೆಕ್ಸ್ಚರ್‌ಗೆ (ಆಕಾರದ ಮೇಲೆ ಹೊದಿಸುವ ಚಿತ್ರಕ್ಕೆ) ಬಿಡಬೇಕೇ? ಹಾರಾಟದ ಲಕ್ಷಣಗಳನ್ನು ಮಾದರಿ ಪೂರ್ಣಗೊಂಡ ಮೇಲೆ ಸರಿಪಡಿಸಬಹುದೇ? ಸದ್ಯಕ್ಕೆ ಅಂದಾಜು ಅಂಕಿಗಳನ್ನು ಹಾಕಿ ಹಾರಿಸಿದಾಗ, ಅದು ಯುದ್ಧವಿಮಾನದಂತಿರದೆ, ಯಾರು ಬೇಕಾದರೂ ಹಾರಿಸಬಹುದಾದ ತರಬೇತಿ ವಿಮಾನದಂತೆ ಸಾಧುವಾಗಿ ನಡೆದುಕೊಳ್ಳುತ್ತಿದೆ.

ಹಳೆನಕ್ಷೆ

ನಕ್ಷೆಗಳು ತಾಳೆಯಾಗದಿರುವುದಕ್ಕೆ ಅವುಗಳನ್ನು ಬರೆದವರ ಅಜಾಗರೂಕತೆ ಒಂದು ಕಾರಣವಿರಬಹುದು. ಆದರೆ ಮಾರ್ಕ್ 1 ಎಂಬ ಹೆಸರಿನಡಿ ಹಲವು ರೂಪಗಳಿವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. 1938ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್ ವಾಯುನೆಲೆಯ 19ನೇ ಸ್ಕ್ವಾಡ್ರನ್ ಕೈಸೇರಿದ ಮೊದಲ ವಿಮಾನಗಳಿಗೆ ಎರಡು ಅಲಗಿನ ಮರದ ಪ್ರೊಪೆಲರ್ ಇತ್ತು, ಕಾಕ್‌ಪಿಟ್‌ನ ಮುಚ್ಚಳ ಚಪ್ಪಟೆಯಾಗಿತ್ತು, ಮುಂದಿನ ಗಾಜಿಗೆ ಗುಂಡುನಿರೋಧಕ ಫಲಕವಿರಲಿಲ್ಲ, ಚಕ್ರಗಳನ್ನು ಮಡಚಲು ಪೈಲಟ್ ಬಲಗೈಯಿಂದ ಪಂಪ್ ಹೊಡೆಯಬೇಕಿತ್ತು. 1940ರ ಆಗಸ್ಟ್ ಹೊತ್ತಿಗೆ ಉಬ್ಬಿದ ಮುಚ್ಚಳ, ಗುಂಡುನಿರೋಧಕ ಗಾಜು, ಬೆನ್ನ ಹಿಂದಿನ ಕವಚ, ಎಂಜಿನ್ನಿನಿಂದಲೇ ನಡೆಯುವ ಹೈಡ್ರಾಲಿಕ್ ಪಂಪ್, ತಿರುಗುವ ವೇಗವನ್ನು ಸ್ಥಿರವಾಗಿಡುವ ಮೂರು ಅಲಗಿನ ಪ್ರೊಪೆಲರ್ ಎಲ್ಲವೂ ಬಂದಿದ್ದವು. 100 ಆಕ್ಟೇನ್ ಇಂಧನ ಬಳಕೆಗೆ ಬಂದದ್ದರಿಂದ, ತುರ್ತು ಸಂದರ್ಭದಲ್ಲಿ ಎಂಜಿನ್ನಿನ ಬೂಸ್ಟ್ (ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಚದರ ಇಂಚಿಗೆ ಪೌಂಡ್‌ಗಳಲ್ಲಿ) ಮಿತಿಯೂ 6¼ ಪೌಂಡ್‌ನಿಂದ 12 ಪೌಂಡ್‌ಗೆ ಏರಿತ್ತು.

ಆದ್ದರಿಂದ ಮೊದಲು ಒಂದು ತಿಂಗಳನ್ನು, ಸಾಧ್ಯವಾದರೆ ಒಂದೇ ಕ್ರಮಸಂಖ್ಯೆಯ ವಿಮಾನವನ್ನು ಆರಿಸಿಕೊಳ್ಳಿ. ಆ ಬಳಿಕ ಯಾವ ಫೋಟೋ ಬೇಕು, ಯಾವುದು ಬೇಡ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ. ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಪಿ9444 ಇದೆ; ಉಳಿದಿರುವ ಸ್ಪಿಟ್‌ಫೈರ್‌ಗಳಲ್ಲೆಲ್ಲ ಹಳೆಯದಾದ ಕೆ9942 ರಾಯಲ್ ಏರ್ ಫೋರ್ಸ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಈಗಲೂ ಹಾರುತ್ತಿರುವ ವಿಮಾನಗಳ ಫೋಟೋಗಳು ಎಷ್ಟೇ ಸ್ಪಷ್ಟವಾಗಿದ್ದರೂ ಎಚ್ಚರದಿಂದ ಬಳಸಬೇಕು, ಏಕೆಂದರೆ ಅವುಗಳಲ್ಲಿ ಇಂದಿನ ರೇಡಿಯೋ, ಇಂದಿನ ಸುರಕ್ಷತಾ ಪಟ್ಟಿ, ಬದಲಾಯಿಸಿದ ಸ್ವಿಚ್‌ಗಳು ಸೇರಿಕೊಂಡಿರುತ್ತವೆ. ಪೈಲಟ್‌ಗಳಿಗೆಂದು ವಾಯುಪಡೆ ಅಂದು ಅಚ್ಚು ಹಾಕಿಸಿದ ಕೈಪಿಡಿಯೇ ಕಾಕ್‌ಪಿಟ್‌ನ ವಿಷಯದಲ್ಲಿ ನಿಮಗೆ ಮೊದಲ ಆಧಾರವಾಗಲಿ.

ಅಳತೆಗಳ ಬಗ್ಗೆ ಇನ್ನೊಂದು ಮಾತು. ರೆಕ್ಕೆಯ ಹರವು 11.23 ಮೀಟರ್, ಉದ್ದ 9.12 ಮೀಟರ್ ಎಂಬ ಎರಡು ಅಂಕಿಗಳಿಗೆ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮೈಯ ಅಡ್ಡಚೌಕಟ್ಟುಗಳ ಸ್ಥಾನಗಳನ್ನು ಗುರುತಿಸಿ, ಪ್ರತಿಯೊಂದು ಚೌಕಟ್ಟಿನ ಆಕಾರವನ್ನು ಬೇರೆಯಾಗಿ ಪರಿಶೀಲಿಸಬೇಕು. ದೂರದಿಂದ, ಉದ್ದನೆಯ ಲೆನ್ಸ್‌ನಲ್ಲಿ ತೆಗೆದ ಪಕ್ಕದ ನೋಟ ಸಿಕ್ಕರೆ ಅದು ಅನೇಕ ನಕ್ಷೆಗಳಿಗಿಂತ ನಂಬಿಕೆಗೆ ಅರ್ಹ.

ಬಣ್ಣದಡಬ್ಬಿ

ಮೇಲಿನ ಮಾತನ್ನು ಒಪ್ಪುತ್ತೇನೆ. ಆಕಾರದಲ್ಲಿ ಸಾಮಾನ್ಯವಾಗಿ ತಪ್ಪುವ ಎರಡು ಕಡೆಗಳನ್ನು ಮಾತ್ರ ಸೇರಿಸುತ್ತೇನೆ. ರೆಕ್ಕೆ ದೀರ್ಘವೃತ್ತಾಕಾರದ್ದೆಂದು ಓದಿ ಒಂದೇ ದೀರ್ಘವೃತ್ತವನ್ನು ಎಳೆದರೆ ಅದು ಸ್ಪಿಟ್‌ಫೈರ್‌ನ ರೆಕ್ಕೆಯಾಗುವುದಿಲ್ಲ. ಮುಂದಂಚು ಕಡಿಮೆ ಬಾಗಿದೆ, ಹಿಂದಂಚು ಹೆಚ್ಚು ಬಾಗಿದೆ. ಇನ್ನೊಂದು, ಹೊಟ್ಟೆಯ ಕೆಳಗಿನ ಅಸಮತೆ. ಮಾರ್ಕ್ 1ರಲ್ಲಿ ರೇಡಿಯೇಟರ್ ಇರುವುದು ಬಲರೆಕ್ಕೆಯ ಅಡಿಯಲ್ಲಿ ಮಾತ್ರ, ಎಡರೆಕ್ಕೆಯ ಅಡಿಯಲ್ಲಿರುವುದು ಸಣ್ಣ ಆಯಿಲ್ ಕೂಲರ್. ಅರ್ಧ ವಿಮಾನವನ್ನು ರೂಪಿಸಿ ಮಿರರ್ ಮಾಡುವ ಅಭ್ಯಾಸದವರು ಎರಡೂ ಕಡೆ ರೇಡಿಯೇಟರ್ ಅಂಟಿಸಿಬಿಡುತ್ತಾರೆ, ಆಗ ಅದು ಮುಂದೆ ಬಂದ ಮಾರ್ಕ್ 9ರಂತೆ ಕಾಣುತ್ತದೆ.

ರಿವೆಟ್‌ಗಳನ್ನು ಖಂಡಿತ ಆಕಾರದಲ್ಲಿ ಮೂಡಿಸಬೇಡಿ. ಹೆಚ್ಚು ಪಾಲಿಗನ್‌ಗಳಿರುವ (ಮೇಲ್ಮೈಯನ್ನು ಕಟ್ಟುವ ಸಣ್ಣ ಮುಖಗಳಿರುವ) ಒಂದು ನಕಲನ್ನು ಬೇರೆಯಾಗಿ ಮಾಡಿಕೊಂಡು, ಅದರಿಂದ ನಾರ್ಮಲ್ ಮ್ಯಾಪ್ (ಉಬ್ಬುತಗ್ಗುಗಳ ಭ್ರಮೆ ಮೂಡಿಸುವ ಚಿತ್ರ) ತೆಗೆದು, ಹಗುರವಾದ ಮಾದರಿಗೆ ಹೊದಿಸಿ. ಸಿಮ್ಯುಲೇಟರ್‌ನಲ್ಲಿ ರಿವೆಟ್‌ಗಳು ಉಬ್ಬುವ ಬದಲು ಕುಳಿಗಳಂತೆ ಕಂಡರೆ ಆ ಮ್ಯಾಪ್‌ನ ಹಸಿರು ಚಾನೆಲ್ ತಿರುವುಮುರುವಾಗಿದೆ ಎಂದರ್ಥ. ಆದರೆ ಎಲ್ಲ ಕಡೆ ಒಂದೇ ಬಗೆಯ ರಿವೆಟ್ ಹಾಕುವುದೂ ಸರಿಯಲ್ಲ. ಗುಂಡುತಲೆಯ ರಿವೆಟ್‌ಗಳಿಂದ ವೇಗ ಎಷ್ಟು ಕುಗ್ಗುತ್ತದೆ ಎಂದು ತಿಳಿಯಲು ಅಂದಿನ ಎಂಜಿನಿಯರ್‌ಗಳು ಚಪ್ಪಟೆ ರಿವೆಟ್‌ಗಳ ಮೇಲೆ ಒಡೆದ ಬಟಾಣಿ ಕಾಳುಗಳನ್ನು ಅಂಟಿಸಿ ವಿಮಾನವನ್ನು ಹಾರಿಸಿ ನೋಡಿದ್ದರು. ನಯವಾಗಿರಲೇಬೇಕಾದ ರೆಕ್ಕೆಯ ಮುಂದಂಚಿನಲ್ಲಿ ರಿವೆಟ್‌ಗಳು ಕಂಡೂ ಕಾಣದಂತಿರಬೇಕು; ಮೈಯ ಹಿಂಭಾಗದಲ್ಲಿ ಗುಂಡುತಲೆಗಳು ಸ್ಪಷ್ಟವಾಗಿ ಕಾಣಬೇಕು. ಈ ವ್ಯತ್ಯಾಸವೊಂದನ್ನು ತಂದರೆ ಮಾದರಿಯ ನೋಟವೇ ಬದಲಾಗುತ್ತದೆ.

ಬಣ್ಣದ ವಿಷಯದಲ್ಲಿ ಹೊಸಬರ ಕೆಲಸವನ್ನು ದೂರದಿಂದಲೇ ಗುರುತಿಸಬಹುದು: ಬಣ್ಣ ಬಳಿದ ಅಲ್ಯುಮಿನಿಯಂ ತಗಡಿಗೆ ಲೋಹದ ಗುಣವನ್ನು ಅರ್ಧಂಬರ್ಧ ಕೊಟ್ಟಿರುತ್ತಾರೆ. ಬೆಳಕು ಬೀಳುವುದು ಬಣ್ಣದ ಪದರದ ಮೇಲಾದ್ದರಿಂದ ಮೆಟಾಲಿಕ್ ಮೌಲ್ಯ ಸೊನ್ನೆಯಾಗಿರಬೇಕು, ಬಣ್ಣ ಕಿತ್ತುಹೋಗಿ ತಗಡು ಬಯಲಾದಲ್ಲಿ ಮಾತ್ರ ಅದು ಒಂದಾಗಬೇಕು. ಜೀವಂತಿಕೆ ಬರುವುದು ಮೇಲ್ಮೈ ಎಲ್ಲೆಲ್ಲಿ ಎಷ್ಟು ಹೊಳೆಯಬೇಕೆಂದು ಹೇಳುವ ರಫ್‌ನೆಸ್ ಮ್ಯಾಪ್‌ನಿಂದ. ಪೈಲಟ್ ಕಾಲಿಡುವ ರೆಕ್ಕೆಯ ಬುಡದಲ್ಲಿ ಬಣ್ಣ ಸವೆದಿರುತ್ತದೆ, ಎಗ್ಸಾಸ್ಟ್‌ನ ಹಿಂದೆ ಮಸಿ ಹತ್ತಿರುತ್ತದೆ, ಇಂಧನ ತುಂಬುವ ಬಾಯಿಯ ಸುತ್ತ ಜಿಡ್ಡಿನ ಹೊಳಪು ಇರುತ್ತದೆ. ಇಷ್ಟನ್ನು ಬಿಟ್ಟು ವಿಮಾನದ ಮೈತುಂಬ ಗೀರು ಎಳೆಯುವ ಮೋಹ ಬೇಡ.

ರಡ್ಡರ್‌ಪೆಡಲ್

ಹಾರಾಟವನ್ನು ಕೊನೆಗೆ ನೋಡಿಕೊಳ್ಳೋಣ ಎಂಬ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಟೆಕ್ಸ್ಚರ್ ಇಲ್ಲದ ಬೂದು ಬಣ್ಣದ ಆಕಾರ ಸರಿಯಾಗಿ ಹಾರಿದ ಮೇಲೆಯೇ ಬಣ್ಣದಡಬ್ಬಿಯವರು ಹೇಳಿದ ಕೆಲಸಕ್ಕೆ ಕೈಹಾಕಿ. ತೂಕ, ಗುರುತ್ವ ಕೇಂದ್ರ, ಚಕ್ರಗಳ ನೆಲೆ ಇವು ಆಕಾರಕ್ಕೆ ಬಿಗಿಯಾಗಿ ಹೊಂದಿಕೊಂಡಿರುವುದರಿಂದ, ತಡವಾಗಿ ಕಂಡ ದೋಷವನ್ನು ತಿದ್ದಲು ಮುಗಿದ ಕೆಲಸವನ್ನೇ ಬಿಚ್ಚಬೇಕಾಗುತ್ತದೆ.

ನಿಮ್ಮ ವಿಮಾನ ಸಾಧುವಾಗಿರುವುದಕ್ಕೆ ಕಾರಣ ಹುಡುಕುವಾಗ ಮೊದಲು ಪ್ರೊಪೆಲರ್ ಅನ್ನು ಪರೀಕ್ಷಿಸಿ. ಮಾರ್ಕ್ 1ರ ಮರ್ಲಿನ್ 3 ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ನಡುವೆ 0.477ರ ಗೇರ್ ಇರುವುದರಿಂದ ಪ್ರೊಪೆಲರ್ ಸುಮಾರು 1,430 ಸುತ್ತು ಮಾತ್ರ ತಿರುಗುತ್ತದೆ. ಪ್ರೊಪೆಲರ್‌ನ ವ್ಯಾಸ ಸುಮಾರು 3.28 ಮೀಟರ್ ಎಂದು ಹಿಡಿದರೆ ಅಲಗಿನ ತುದಿಯ ವೇಗ ಸೆಕೆಂಡಿಗೆ 245 ಮೀಟರ್ ಆಸುಪಾಸು ಬರುತ್ತದೆ. ಗೇರ್ ಅನುಪಾತವನ್ನು ಒಂದಕ್ಕೆ ಒಂದು ಎಂದು ಬಿಟ್ಟಿದ್ದರೆ ಅದೇ ತುದಿ ಸೆಕೆಂಡಿಗೆ 500 ಮೀಟರ್ ದಾಟಿ, ಶಬ್ದದ ವೇಗವನ್ನೂ ಮೀರಿ, ಸಿಮ್ಯುಲೇಟರ್‌ನ ಲೆಕ್ಕವನ್ನೆಲ್ಲ ಹದಗೆಡಿಸುತ್ತದೆ. ಇದು ಸರಿಯಾದ ಬಳಿಕ, ನೆಲದಲ್ಲಿ ಥ್ರಾಟಲ್ ಏರಿಸಿದಾಗ ಮೂತಿ ಎಡಕ್ಕೆ ಎಳೆಯಬೇಕು, ಅದನ್ನು ಬಲ ರಡ್ಡರ್‌ನಿಂದ (ಬಾಲದ ಚುಕ್ಕಾಣಿಯಿಂದ) ತಡೆಯಬೇಕಾಗಬೇಕು. ಮುಂದೆ ಗ್ರಿಫನ್ ಎಂಜಿನ್ ಹಾಕಿದ ಸ್ಪಿಟ್‌ಫೈರ್‌ಗಳಲ್ಲಿ ಪ್ರೊಪೆಲರ್ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಎಳೆತವೂ ಬಲಕ್ಕೆ.

ಎಕ್ಸ್-ಪ್ಲೇನ್ ರೆಕ್ಕೆಯನ್ನು ಹಲವು ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿನ ಮೇಲಿನ ಬಲವನ್ನು ಲೆಕ್ಕ ಹಾಕುವುದರಿಂದ ರೆಕ್ಕೆಯ ತಿರುಚನ್ನು ನಮೂದಿಸಲು ಮರೆಯಬೇಡಿ. ಬುಡದಲ್ಲಿ ರೆಕ್ಕೆಯ ಕೋನ ಮೇಲಕ್ಕೆ 2 ಡಿಗ್ರಿ ಇದ್ದದ್ದು ತುದಿಯಲ್ಲಿ ಕೆಳಕ್ಕೆ ಅರ್ಧ ಡಿಗ್ರಿ ಆಗುತ್ತದೆ. ಇದರಿಂದಾಗಿ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಬುಡದಲ್ಲಿ ಮೊದಲಾಗಿ, ವಿಮಾನ ನಡುಗಿ ಪೈಲಟ್‌ಗೆ ಮುನ್ಸೂಚನೆ ಕೊಡುತ್ತದೆ. ಆ ಹೊತ್ತಿನಲ್ಲಿಯೂ ವಿಮಾನವನ್ನು ಪಕ್ಕಕ್ಕೆ ವಾಲಿಸುವ ತುದಿಯ ಏಲೆರಾನ್‌ಗಳು ಕೆಲಸ ಮಾಡುತ್ತಿರುತ್ತವೆ. ಎಕ್ಸ್-ಪ್ಲೇನ್‌ನ ವಿಮಾನ ರಚನೆಯ ತಂತ್ರಾಂಶ ಪ್ಲೇನ್ ಮೇಕರ್‌ನಲ್ಲಿ ತಿರುಚು ಇಲ್ಲದ ರೆಕ್ಕೆ ಮಾಡಿದರೆ ಸ್ಪಿಟ್‌ಫೈರ್‌ನ ಈ ಪ್ರಸಿದ್ಧ ಸೌಜನ್ಯ ಮಾಯವಾಗುತ್ತದೆ.

ಇನ್ನು ನಿಯಂತ್ರಣಗಳ ಭಾರ. ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್ ಬಹಳ ಹಗುರ, ಆದರೆ 1940ರ ಬಟ್ಟೆ ಹೊದಿಸಿದ ಏಲೆರಾನ್‌ಗಳು ಗಂಟೆಗೆ 300 ಮೈಲಿ ದಾಟಿದರೆ ಕಲ್ಲಿನಂತಾಗುತ್ತಿದ್ದವು. ಮೇಜಿನ ಮೇಲಿನ ಜಾಯ್‌ಸ್ಟಿಕ್‌ಗೆ ಆ ಭಾರ ತಿಳಿಯದು. ಆದ್ದರಿಂದ ವೇಗ ಹೆಚ್ಚಿದಂತೆ ಏಲೆರಾನ್ ತಿರುಗುವ ಕೋನವನ್ನೇ ಕಡಿಮೆ ಮಾಡುತ್ತ ಹೋಗಬೇಕು. ಇಳಿಯುವಾಗ ಬಳಸುವ ಫ್ಲಾಪ್‌ಗಳಿಗೆ ಎರಡೇ ಸ್ಥಿತಿ, ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ. ನಡುವಿನ ಹಂತಗಳನ್ನು ಸೌಕರ್ಯಕ್ಕೆಂದು ಸೇರಿಸಬೇಡಿ.

ಗಾಳಿಗೆರೆ

ಎಲ್ಲರಿಗೂ ಧನ್ಯವಾದಗಳು. 1940ರ ಆಗಸ್ಟ್ ತಿಂಗಳನ್ನೇ ಆರಿಸಿಕೊಂಡಿದ್ದೇನೆ. ಗೇರ್ ಅನುಪಾತವನ್ನು ತಿದ್ದಿದ ಕೂಡಲೇ ವಿಮಾನ ರನ್‌ವೇಯ ಎಡ ಅಂಚಿಗೆ ಹೋಯಿತು, ಅದನ್ನು ಒಳ್ಳೆಯ ಲಕ್ಷಣವೆಂದೇ ಭಾವಿಸುತ್ತೇನೆ. ಎರಡು ವಿಷಯಗಳು ಉಳಿದಿವೆ. ಬೂಸ್ಟ್ ಗೇಜ್‌ನ ಮುಖದಲ್ಲಿ ಪೌಂಡ್ ಅಂಕಿಗಳಿವೆ, ಸಿಮ್ಯುಲೇಟರ್ ಮಾತ್ರ ಪಾದರಸದ ಇಂಚುಗಳಲ್ಲಿ ಒತ್ತಡ ಕೊಡುತ್ತದೆ. ಇವನ್ನು ಹೇಗೆ ಹೊಂದಿಸಬೇಕು? ಮೂತಿಯನ್ನು ಥಟ್ಟನೆ ಕೆಳಕ್ಕೆ ಒತ್ತಿದರೆ ಮರ್ಲಿನ್ ಎಂಜಿನ್ ಕೆಮ್ಮುತ್ತಿತ್ತು ಎಂದು ಓದಿದ್ದೇನೆ. ಅದನ್ನು ತೋರಿಸಲು ಎಂಜಿನ್ ಅನ್ನು ಕ್ಷಣಕಾಲ ನಿಲ್ಲಿಸಿದರೆ ಸಾಕೇ?

ರಡ್ಡರ್‌ಪೆಡಲ್

ಬೂಸ್ಟ್ ಗೇಜ್‌ನ ಸೊನ್ನೆ ಎಂದರೆ ಸಾಮಾನ್ಯ ವಾತಾವರಣದ ಒತ್ತಡ, ಅಂದರೆ 29.92 ಇಂಚು. ಒಂದು ಪೌಂಡ್‌ಗೆ 2.036 ಇಂಚಿನಂತೆ ಕೂಡಿಸುತ್ತ ಹೋದರೆ 6¼ ಪೌಂಡ್ ಬೂಸ್ಟ್ ಸುಮಾರು 42.6 ಇಂಚು, 12 ಪೌಂಡ್ ಸುಮಾರು 54.4 ಇಂಚು ಆಗುತ್ತದೆ. ಸೂಜಿಯ ಅನಿಮೇಷನ್‌ಗೆ ಈ ಎರಡು ಬಿಂದುಗಳನ್ನೂ ಸೊನ್ನೆಯನ್ನೂ ಕೊಟ್ಟು ನೋಡಿ.

ಎಂಜಿನ್ ಅನ್ನು ಕ್ಷಣಕಾಲ ನಿಲ್ಲಿಸಿದರೆ ಅರ್ಧ ಕಥೆ ಮಾತ್ರ ಹೇಳಿದಂತಾಗುತ್ತದೆ. ಋಣ ಗುರುತ್ವದಲ್ಲಿ (ಮೂತಿ ಥಟ್ಟನೆ ಕೆಳಗಾಗಿ ಎಲ್ಲವೂ ಮೇಲಕ್ಕೆ ತೇಲುವ ಸ್ಥಿತಿಯಲ್ಲಿ) ಕಾರ್ಬ್ಯುರೇಟರ್‌ನ ಫ್ಲೋಟ್ ಕೋಣೆಯ ಇಂಧನ ಮೇಲಕ್ಕೆ ಎಸೆಯಲ್ಪಟ್ಟು ತಳದಲ್ಲಿರುವ ಜೆಟ್‌ಗಳಿಗೆ ಸಿಗದೆ ಮೊದಲು ಎಂಜಿನ್ ಬರಿದಾಗಿ ತೊದಲುತ್ತದೆ. ಅದೇ ಸ್ಥಿತಿ ಮುಂದುವರಿದರೆ ಫ್ಲೋಟ್ ಕವಾಟವನ್ನು ಪೂರ್ತಿ ತೆರೆದುಬಿಡುವುದರಿಂದ ಪಂಪಿನ ಇಂಧನವೆಲ್ಲ ನುಗ್ಗಿ, ಮಿಶ್ರಣ ಅತಿಯಾಗಿ ಗಟ್ಟಿಯಾಗಿ (ಗಾಳಿಗಿಂತ ಇಂಧನದ ಪಾಲು ಮಿತಿಮೀರಿ), ಎಂಜಿನ್ ಎರಡನೇ ಬಾರಿ ಶಕ್ತಿ ಕಳೆದುಕೊಳ್ಳುತ್ತದೆ; ಹೆಚ್ಚು ಹೊತ್ತು ಕಾಡುತ್ತಿದ್ದದ್ದು ಈ ಎರಡನೆಯದೇ. ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಇಂಧನದ ಹರಿವನ್ನು ಮಿತಿಗೊಳಿಸುವ ಸಣ್ಣ ರಂಧ್ರದ ಬಿಲ್ಲೆಯೊಂದನ್ನು ರೂಪಿಸಿದರು. ಅದು ವಿಮಾನಗಳಿಗೆ ಸೇರಿದ್ದು 1941ರಲ್ಲಿ, ಆದ್ದರಿಂದ ನಿಮ್ಮ ವಿಮಾನದಲ್ಲಿ ಆ ರಕ್ಷಣೆ ಇರುವಂತಿಲ್ಲ.

ಲುವಾ ಭಾಷೆಯ ಸ್ಕ್ರಿಪ್ಟ್‌ನಲ್ಲಿ (ಸಣ್ಣ ಪ್ರೋಗ್ರಾಂನಲ್ಲಿ) ಗುರುತ್ವದ ಮೌಲ್ಯವನ್ನು ಗಮನಿಸುತ್ತಿದ್ದು, ಅದು ಸೊನ್ನೆಗಿಂತ ಕೆಳಗಿಳಿದ ಕೂಡಲೇ ಇಂಧನವನ್ನು ತಗ್ಗಿಸಿ. ಒಂದೂವರೆ ಸೆಕೆಂಡಿನಷ್ಟು ಕಳೆದ ಮೇಲೆ ಮಿಶ್ರಣವನ್ನು ಅತಿ ಗಟ್ಟಿಯಾಗಿಸಿ ಎಗ್ಸಾಸ್ಟ್‌ನಿಂದ ಕಪ್ಪು ಹೊಗೆ ಬಿಡಿ. ಜರ್ಮನರ ಮೆಸರ್‌ಶ್ಮಿಟ್ 109ರಲ್ಲಿ ಇಂಧನ ನೇರವಾಗಿ ಸಿಲಿಂಡರ್‌ಗೆ ಚಿಮ್ಮುತ್ತಿದ್ದುದರಿಂದ ಅದಕ್ಕೆ ಈ ತೊಂದರೆ ಇರಲಿಲ್ಲ. ಅದು ಮೂತಿ ತಗ್ಗಿಸಿ ತಪ್ಪಿಸಿಕೊಂಡರೆ ಸ್ಪಿಟ್‌ಫೈರ್ ಪೈಲಟ್ ಮೊದಲು ಮಗುಚಿ, ಆಮೇಲೆ ಸ್ಟಿಕ್ ಎಳೆದು ಹಿಂಬಾಲಿಸುತ್ತಿದ್ದ. ನಿಮ್ಮ ಸ್ಕ್ರಿಪ್ಟ್ ಅನ್ನೂ ಹೀಗೆಯೇ ಪರೀಕ್ಷಿಸಿ: ಸ್ಟಿಕ್ ಒತ್ತಿ ಇಳಿದಾಗ ಎಂಜಿನ್ ತೊದಲಬೇಕು, ಮಗುಚಿ ಎಳೆದು ಇಳಿದಾಗ ಒಂದು ಸಲವೂ ತೊದಲಬಾರದು.