ಎಸಿ 24ಕ್ಕೆ ಇಟ್ಟರೂ ಬಿಯರ್ ಯಾಕೆ ಕೆಟ್ಟಿತು?

ಪ್ರಶ್ನೆ (ಡಲ್ಲಾಸ್‌ನಿಂದ): ಸರ್, ನಮಸ್ಕಾರ. ಮನೆಯಲ್ಲೇ ಪೇಲ್ ಏಲ್ ಅನ್ನೋ ಬಿಯರ್ ಎರಡು ಸಲ ಮಾಡಿದೆ, ಒಂದೊಂದು ಸಲ 19 ಲೀಟರ್. ಯೀಸ್ಟ್ ಯುಎಸ್-05. ಎರಡೂ ಸಲ ನೈಲ್ ಪಾಲಿಷ್ ರಿಮೂವರ್ ಥರ ವಾಸನೆ, ಕುಡಿದರೆ ಗಂಟಲು ಸುಡುತ್ತೆ. ಪಾತ್ರೆ, ಪೈಪು ಎಲ್ಲಾ ಸ್ಯಾನಿಟೈಸ್ ಮಾಡಿದ್ದೆ. ಹುಳಿ ಇಲ್ಲ, ಮೇಲೆ ಪೊರೆಯೂ ಕಟ್ಟಿಲ್ಲ. ಮನೆ ಎಸಿ 24 ಡಿಗ್ರಿಗೆ ಇದೆ. ಪ್ಯಾಕೆಟ್ ಮೇಲೆ 26ರವರೆಗೂ ನಡೆಯುತ್ತೆ ಅಂತಿದೆ. ಎಲ್ಲಿ ತಪ್ಪಿದೆ?

ಉತ್ತರ: ನಮಸ್ಕಾರ. ಹುಳಿ, ಪೊರೆ ಎರಡೂ ಇಲ್ಲ ಅಂದಿದ್ದು ಒಳ್ಳೇದಾಯ್ತು. ಕಾಡು ಯೀಸ್ಟ್ ಸೇರಿಕೊಂಡರೂ ಇಂಥದೇ ವಾಸನೆ ಬರಬಹುದು, ಆದರೆ ನಿಮ್ಮದು ಬಿಸಿ ಹೆಚ್ಚಾಗಿ ಆದದ್ದು ಅನ್ನಿಸುತ್ತೆ. ಯೀಸ್ಟ್ ಹಾಕುವಾಗ ವರ್ಟ್, ಅಂದರೆ ಹುದುಗುವ ಮೊದಲಿನ ಸಿಹಿ ಮಾಲ್ಟ್ ರಸ, ಎಷ್ಟು ಡಿಗ್ರಿ ಇತ್ತು?

ಪ್ರಶ್ನೆ: ಬೇಸಿಗೇಲಿ ನಲ್ಲಿ ನೀರೇ ಬೆಚ್ಚಗೆ ಬರುತ್ತೆ ಸರ್. ವರ್ಟ್ ತಣಿಸೋ ಚಿಲ್ಲರ್‌ನಲ್ಲಿ ಅರ್ಧ ಗಂಟೆ ನೀರು ಬಿಟ್ಟರೂ 31ರಿಂದ ಕೆಳಗೆ ಇಳಿಯಲಿಲ್ಲ. ಹಾಗೇ ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದರೆ ಮುಚ್ಚಳದ ಮೇಲೆ ಗ್ಯಾಸ್ ಹೊರಬಿಡೋ ಏರ್‌ಲಾಕ್‌ನಿಂದ ನೊರೆ ಉಕ್ಕಿ ನೆಲವೆಲ್ಲಾ ಅಂಟಂಟು.

ಉತ್ತರ: ಸಿಕ್ಕಿತು. ಆ ಉಕ್ಕಿದ ನೊರೆಯೇ ಎಲ್ಲಾ ಹೇಳುತ್ತೆ. ಬೇಸಿಗೆಯಲ್ಲಿ ರುಬ್ಬಿಟ್ಟ ದೋಸೆ ಹಿಟ್ಟು ರಾತ್ರೋರಾತ್ರಿ ಪಾತ್ರೆಯಿಂದ ಹೊರಗೆ ಬರೋದನ್ನ ನೋಡಿದ್ದೀರಲ್ಲ, ಅದೇ ಕಥೆ.

ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಹೊರಹಾಕುತ್ತೆ. ಹುದುಗುವಿಕೆ ಜೋರಾಗಿರುವಾಗ 19 ಲೀಟರ್ ಪಾತ್ರೆಯ ಒಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚಿರುತ್ತೆ. ಗೋಡೆ ಮೇಲೆ 24 ಅಂತಿದ್ದರೆ ಬಿಯರ್ 28ರಲ್ಲಿದೆ ಅಂತ ಇಟ್ಟುಕೊಳ್ಳಿ. ಪ್ಯಾಕೆಟ್ ಮೇಲಿನ 26 ಬಿಯರಿನ ಲೆಕ್ಕ, ಕೋಣೆಯದ್ದಲ್ಲ. ನೀವು ಶುರು ಮಾಡಿದ್ದೇ 31ರಲ್ಲಿ. ಅಷ್ಟು ಬಿಸಿಯಲ್ಲಿ ಯೀಸ್ಟ್ ಅವಸರವಸರವಾಗಿ ಬೆಳೆದು ಫ್ಯೂಸೆಲ್ ಆಲ್ಕೋಹಾಲ್‌ಗಳನ್ನೂ ಈಥೈಲ್ ಅಸಿಟೇಟನ್ನೂ ಜಾಸ್ತಿ ಬಿಡುತ್ತೆ. ಗಂಟಲು ಸುಡೋದು ಮೊದಲನೆಯದರಿಂದ, ರಿಮೂವರ್ ವಾಸನೆ ಎರಡನೆಯದರಿಂದ. ರುಚಿ ಕೆಡುವುದು ಬಹುಪಾಲು ಮೊದಲ ಮೂರು ದಿನದಲ್ಲೇ. ಆಮೇಲೆ ಎಷ್ಟು ತಣ್ಣಗಿಟ್ಟರೂ ಫ್ಯೂಸೆಲ್ ಹೋಗಲ್ಲ. ಆ ಎರಡು ಬ್ಯಾಚ್ ಚೆಲ್ಲಿಬಿಡಿ, ಬೇಜಾರಾಗುತ್ತೆ, ಗೊತ್ತು.

ಮುಂದಿನ ಸಲ ವರ್ಟ್ 31ರಲ್ಲಿ ನಿಂತರೆ ಅಲ್ಲೇ ನಿಲ್ಲಿಸಿ. ಮುಚ್ಚಳ ಭದ್ರವಾಗಿ ಹಾಕಿ, ಫ್ರಿಜ್‌ನಲ್ಲೋ ಐಸ್ ನೀರಿನ ಟಬ್ಬಿನಲ್ಲೋ ಇಟ್ಟು 18ಕ್ಕೆ ಇಳಿದ ಮೇಲೆ ಯೀಸ್ಟ್ ಹಾಕಿ. ಪಾತ್ರೆ ಶುಚಿಯಾಗಿದ್ದರೆ ಒಂದು ರಾತ್ರಿ ಕಾದರೂ ಏನೂ ಆಗಲ್ಲ.

ಪ್ರಶ್ನೆ: ಈಗಲೇ ಇನ್ನೊಂದು ಫ್ರಿಜ್ ತಗೊಳ್ಳೋಕೆ ಆಗಲ್ಲ ಸರ್. ಬೇರೆ ದಾರಿ?

ಉತ್ತರ: ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿ ಹತ್ತಿರ ಇಡ್ತಾರಲ್ಲ, ಅದೇ ಉಪಾಯ. ಅಗಲವಾದ ಟಬ್ಬಿನಲ್ಲಿ ಒಂದು ಗೇಣು ನೀರು ಹಾಕಿ ಫರ್ಮೆಂಟರ್ (ಬಿಯರ್ ಹುದುಗೋ ಪಾತ್ರೆ) ನಿಲ್ಲಿಸಿ. ಹಳೇ ಕಾಟನ್ ಬನಿಯನ್ ತೊಡಿಸಿ, ಅದರ ಅಂಚು ನೀರಿನಲ್ಲಿ ಮುಳುಗಿರಲಿ. ಎದುರಿಗೆ ಟೇಬಲ್ ಫ್ಯಾನ್. ಎಸಿ ಮನೆಯ ಒಣ ಗಾಳಿಯಲ್ಲಿ ಮೂರ್ನಾಲ್ಕು ಡಿಗ್ರಿ ಇಳಿಯುತ್ತೆ. ಗಾಳಿಯಲ್ಲಿ ತೇವ ಹೆಚ್ಚಿರೋ ಕಡೆ ಇಷ್ಟು ಫಲ ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ನೀರು ತುಂಬಿ ಫ್ರೀಜ್ ಮಾಡಿದ ಬಾಟಲಿ ಟಬ್ಬಿಗೆ ಹಾಕಿ. ಮೂರು ದಿನ ಬೇಸರವಿಲ್ಲದೆ ಮಾಡಿ, ಸಾಕು.

ಮುಂದೆ ಸೆಕೆಂಡ್‌ಹ್ಯಾಂಡ್ ಫ್ರಿಜ್ ಸಿಕ್ಕರೆ ಪ್ಲಗ್‌ಗೆ ಹಾಕೋ ಇಂಕ್‌ಬರ್ಡ್ ಥರದ ತಾಪಮಾನ ಕಂಟ್ರೋಲರ್ ಸೇರಿಸಿ. ಅದರ ಪ್ರೋಬ್ (ಬಿಸಿ ಅಳೆಯೋ ತುದಿ) ಫ್ರಿಜ್ ಒಳಗೆ ಗಾಳಿಯಲ್ಲಿ ನೇತಾಡಬಾರದು. ಬಿಯರ್ ಮಟ್ಟಕ್ಕಿಂತ ಕೆಳಗೆ ಫರ್ಮೆಂಟರ್ ಮೈಗೆ ಟೇಪ್ ಹಾಕಿ ಅಂಟಿಸಿ, ಮೇಲೆ ಮಡಚಿದ ಬಬಲ್ ವ್ರ್ಯಾಪ್ ಹೊದಿಸಿ. 18ಕ್ಕೆ ಸೆಟ್ ಮಾಡಿ, ಒಂದು ಡಿಗ್ರಿ ವ್ಯತ್ಯಾಸ ಬಿಡಿ, ಕಂಪ್ರೆಸರ್‌ಗೆ ಐದು ನಿಮಿಷದ ವಿರಾಮ ಕೊಡಿ.

ಇನ್ನೊಬ್ಬರ ಪ್ರಶ್ನೆ (ಟೊರಾಂಟೊದಿಂದ): ನನ್ನ ಕಷ್ಟ ಉಲ್ಟಾ. ಬೇಸ್‌ಮೆಂಟ್ 14 ಡಿಗ್ರಿ. ಎಂಟು ದಿನ ಆಯ್ತು, ಗ್ರ್ಯಾವಿಟಿ (ಸಕ್ಕರೆ ಕರಗಿ ಹೋದಂತೆ ಇಳಿಯೋ ಸಾಂದ್ರತೆಯ ಅಂಕಿ) 1.022ರಲ್ಲಿ ನಿಂತಿದೆ. ಇದೂ ಏಲ್ ಯೀಸ್ಟೇ. ಹೀಟರ್ ಪಕ್ಕ ಇಡಲಾ?

ಉತ್ತರ: ಬೇಡಮ್ಮ, ಒಂದೇ ಪಕ್ಕ ಕಾಯುತ್ತೆ, ರಾತ್ರಿ ಹೀಟರ್ ಆರಿದರೆ ಮತ್ತೆ ತಣ್ಣಗಾಗುತ್ತೆ. ಫರ್ಮೆಂಟರನ್ನ ಮೇಲಿನ ಮಹಡಿಗೆ ತನ್ನಿ, ಕಂಬಳಿ ಸುತ್ತಿ 20ಕ್ಕೆ ಬರಲಿ. ಮುಚ್ಚಳ ತೆಗೆಯದೆ ಮೆಲ್ಲಗೆ ಅಲುಗಿಸಿ, ತಳದಲ್ಲಿ ಕೂತ ಯೀಸ್ಟ್ ಏಳಬೇಕು. ನಾಲ್ಕು ದಿನ ಬಿಟ್ಟು ಅಳೆಯಿರಿ. ಕೊನೆಯಲ್ಲಿ ಹೀಗೆ ಒಂದೆರಡು ಡಿಗ್ರಿ ಏರಿಸಿದರೆ ಇನ್ನೊಂದು ಲಾಭವೂ ಇದೆ, ಬೆಣ್ಣೆ ವಾಸನೆ ಕೊಡೋ ಡಯಾಸಿಟೈಲನ್ನ ಯೀಸ್ಟೇ ಮತ್ತೆ ಹೀರಿಕೊಳ್ಳುತ್ತೆ.

ಇನ್ನೊಬ್ಬರು (ಬೆಂಗಳೂರಿನಿಂದ): ತಣ್ಣಗಿಡೋದೇ ಬೇಡ ಅನ್ನೋ ಯೀಸ್ಟ್ ಇದೆಯಂತಲ್ಲ? ಇಲ್ಲಿ ಮನೇಲಿ ಮಾಡಬಹುದಾ?

ಉತ್ತರ: ಇದೆ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೇಕ್. ಅದರಲ್ಲಿ ವೊಸ್ ಅನ್ನೋ ತಳಿ 35ರಿಂದ 40 ಡಿಗ್ರಿಯಲ್ಲೂ ಶುದ್ಧವಾಗಿ, ಕಿತ್ತಳೆ ಸಿಪ್ಪೆಯ ಪರಿಮಳದ ಜೊತೆ ಹುದುಗುತ್ತೆ. ಡಲ್ಲಾಸ್‌ನವರು ಆಗಸ್ಟ್‌ನಲ್ಲಿ ಇದನ್ನೇ ಹಾಕಿ ನೋಡಲಿ. ಆದರೆ ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡೋದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ದಯವಿಟ್ಟು ಮಾಡಬೇಡಿ. ಅಮೆರಿಕದಲ್ಲಿ 1978ರಲ್ಲಿ ಬಂದ ಕಾನೂನಿನಿಂದ ಮನೆಬಳಕೆಗೆ ಅವಕಾಶ ಇದೆ.

ಪ್ರಶ್ನೆ (ಡಲ್ಲಾಸ್): ಸರ್, ಬನಿಯನ್, ಫ್ಯಾನ್, ಐಸ್ ಎಲ್ಲಾ ಮಾಡಿದೆ. ಮೂರು ದಿನವೂ 18-19ರಲ್ಲೇ ಇತ್ತು. ಈ ಸಲ ವಾಸನೆ ಹೂವಿನ ಹಾಗಿದೆ! ಇವತ್ತಿಗೆ ಏಳು ದಿನ, ಬಾಟಲಿಗೆ ತುಂಬಲಾ?

ಉತ್ತರ: ತುಂಬ ಸಂತೋಷ ಆಯ್ತು. ಆದರೆ ಬಾಟಲಿ ಇನ್ನೂ ಮುಟ್ಟಬೇಡಿ. ಈಗ ಐಸ್ ನಿಲ್ಲಿಸಿ, ತಾನಾಗಿ 21ಕ್ಕೆ ಏರಲಿ. ಇವತ್ತು ಗ್ರ್ಯಾವಿಟಿ ಬರೆದಿಟ್ಟುಕೊಳ್ಳಿ, ಮೂರು ದಿನ ಬಿಟ್ಟು ಮತ್ತೆ ನೋಡಿ. ಎರಡೂ ಅಂಕಿ ಒಂದೇ ಬಂದರೆ ಮಾತ್ರ ತುಂಬಿ. ಗ್ರ್ಯಾವಿಟಿ ಇನ್ನೂ ಇಳೀತಾ ಇರೋ ಬಿಯರನ್ನ ಮುಚ್ಚಿದರೆ ಗಾಜಿನ ಬಾಟಲಿ ಸಿಡಿಯುತ್ತೆ.

ಪ್ರಶ್ನೆ: ಇವತ್ತು 1.013 ಇದೆ ಸರ್. ಗುರುವಾರ ಮತ್ತೆ ನೋಡಿ ಇಲ್ಲೇ ಹಾಕ್ತೀನಿ.