ದೊಡ್ಡ ಸಿದ್ದಿ ಕುಟುಂಬದ ಪರಿಚಯ ಮಾಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ನಮಸ್ಕಾರ. ನಾವಿಬ್ಬರು ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಮಂಗಳೂರು ಕಡೆಯವರು. ಬರುವ ತಿಂಗಳಿಂದ ಯಲ್ಲಾಪುರ, ಹಳಿಯಾಳದ ನಡುವಿನ ಕಾಡಿನ ಒಂದು ಪುಟ್ಟ ಊರಲ್ಲಿ ನಮ್ಮ ಸೇವೆ. ಅಲ್ಲಿ ಹೆಚ್ಚಿನವರು ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಂದೇ ದೊಡ್ಡ ಕುಟುಂಬದವರಂತೆ. ಅಣ್ಣತಮ್ಮಂದಿರು, ಮಕ್ಕಳು, ಮೊಮ್ಮಕ್ಕಳು ಎಲ್ಲ ಅಕ್ಕಪಕ್ಕದ ಮನೆಗಳಲ್ಲಿದ್ದಾರೆ. ಕೆಲವರು ಕ್ರೈಸ್ತರು, ಕೆಲವರು ಹಿಂದೂಗಳು. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು:
ಸಿಸ್ಟರ್, ಹೋದ ಕೂಡಲೇ ಮನೆಮನೆ ಸುತ್ತಿ ಹೆಸರು ಬರೆದುಕೊಳ್ಳಬೇಡಿ. ಕೈಯಲ್ಲಿ ಪುಸ್ತಕ, ಪೆನ್ನು ಕಂಡರೆ ಸಾಕು, ಸರ್ವೆಯವರು ಬಂದರು ಅಂದುಕೊಳ್ಳುತ್ತಾರೆ. ಅವರ ಹೆದರಿಕೆಗೆ ಕಾರಣ ಇದೆ. ಆ ಕಡೆ ಎಷ್ಟೋ ಮನೆಗಳವರು ಉಳುವ ಜಮೀನು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅತಿಕ್ರಮಣ. ನಿಮ್ಮ ಮನೇಲಿ ಎಷ್ಟು ಜನ, ಎಷ್ಟು ಎಕರೆ ಅಂತ ಕೇಳಿದವರು ಆಮೇಲೆ ಏನು ಮಾಡಿದರು ಅನ್ನೋದನ್ನ ಹಿರಿಯರು ಮರೆತಿರೋದಿಲ್ಲ.

ಮೊದಲು ಎಲ್ಲರಿಗಿಂತ ಹಿರಿಯರು ಇರುವ ಮನೆಗೆ ಹೋಗಿ. ಹೆಚ್ಚಾಗಿ ಅದು ಒಬ್ಬ ಅಜ್ಜಿ. ಜಗುಲಿ ಮೇಲೆ ಕೂತು ನೀವು ಯಾರು, ಯಾಕೆ ಬಂದಿದ್ದೀರಿ, ಎಲ್ಲಿ ಇರುತ್ತೀರಿ ಅಂತ ನೇರವಾಗಿ ಹೇಳಿ. ಕೊರಳಲ್ಲಿ ಶಿಲುಬೆ ಇದೆ, ಮುಚ್ಚಿಡುವಂಥದ್ದು ಏನೂ ಇಲ್ಲ. ಪ್ರಾರ್ಥನೆ ಕೇಳಿದರೆ ಮಾಡ್ತೀವಿ, ಕೇಳದಿದ್ದರೆ ಸುಮ್ನೆ ನೆರೆಯವರಾಗಿ ಇರ್ತೀವಿ ಅನ್ನಿ. ಆ ಮಾತು ಸಂಜೆಯೊಳಗೆ ಎಲ್ಲ ಮನೆಗೂ ಮುಟ್ಟುತ್ತೆ.

ನನಗೆ ನಿಜವಾಗಿ ಒಳಗೆ ದಾರಿಯಾದದ್ದು ಕೌದಿ, ಹಳೆ ಬಟ್ಟೆ ಹೊಲಿದು ಮಾಡುವ ಹೊದಿಕೆ. ಸಿದ್ದಿ ಹೆಂಗಸರ ಕೌದಿ ಈಗ ಹೊರದೇಶದ ಪ್ರದರ್ಶನಗಳಿಗೂ ಹೋಗಿದೆ. ಆದರೆ ಅವರು ಹೊಲಿಯುವುದು ಮೊದಲು ಮನೆಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ. ಹಳೆ ಸೀರೆ ಹಾಸಿ, ಹರಿದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಮುಮ್ಮೂಲೆಯ ‘ಫುಲಾ’ ಬೀಳಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯದ್ದು. ಮಧ್ಯಾಹ್ನ ಅಲ್ಲಿ ಹೋಗಿ ಕೂರಿ, ದಾರ ಪೋಣಿಸಿ ಕೊಡಿ. ವಯಸ್ಸಾದ ಕಣ್ಣಿಗೆ ಸೂಜಿ ಪೋಣಿಸುವುದೇ ದೊಡ್ಡ ಕಷ್ಟ. ಈ ಹಸಿರು ತುಂಡು ಯಾರ ಲಂಗದ್ದು, ಆ ಚೌಕುಳಿ ಯಾರ ಲುಂಗಿಯದ್ದು ಅಂತ ಮಾತು ಬರುತ್ತೆ. ಅದರ ಹಿಂದೆಯೇ ಮದುವೆಯಾಗಿ ಹೋದ ಮಗಳು, ತೀರಿಹೋದ ತಮ್ಮ, ಗೋವಾಕ್ಕೆ ಕೆಲಸಕ್ಕೆ ಹೋದ ಮೊಮ್ಮಗ ಎಲ್ಲ ಬರುತ್ತಾರೆ. ಯಾರಿಗೆ ಯಾರು ಏನಾಗಬೇಕು ಅನ್ನೋದು ನೀವು ಕೇಳದೆಯೇ ತಿಳಿಯುತ್ತೆ. ಎಲ್ಲ ಕ್ಯಾಮೆರಾಕ್ಕೆ ಹಿಡಿಯಬೇಡಿ, ಅಷ್ಟೆ.

ಇನ್ನೊಂದು, ಒಂದೇ ಮನೆಗೆ ಅಂಟಿಕೊಳ್ಳಬೇಡಿ. ಕ್ರೈಸ್ತರ ಮನೆ ನಿಮಗೆ ಸಲೀಸು ಅನ್ನಿಸುತ್ತೆ, ಸಹಜ. ಆದರೆ ಅಣ್ಣನ ಮನೆಯ ಜ್ವರಕ್ಕೆ ಓಡಿ, ತಮ್ಮನ ಮನೆಯ ಜ್ವರಕ್ಕೆ ನಾಳೆ ಅಂದರೆ, ಎಂದೋ ಆರಿದ ಮನಸ್ತಾಪ ನಿಮ್ಮ ಹೆಸರಲ್ಲಿ ಮತ್ತೆ ಹೊತ್ತಿಕೊಳ್ಳುತ್ತೆ.

ಅದೇ ಕಡೆಯ ಸಿದ್ದಿ ಮನೆಯವನು, ಈಗ ಹುಬ್ಬಳ್ಳಿಯಲ್ಲಿ:
ಅಕ್ಕ ಹೇಳಿದ್ದು ಸರಿ. ನಮ್ಮ ಕಡೆಯಿಂದ ಸ್ವಲ್ಪ ಸೇರಿಸ್ತೀನಿ.

ನಮ್ಮ ಪೂರ್ವಿಕರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ನಾವು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ನಮ್ಮಲ್ಲಿದೆ. ದೇವರು ಬೇರೆ ಆದರೂ ನೆಂಟಸ್ತಿಕೆ ಕಡಿದಿಲ್ಲ. ಆದ್ದರಿಂದ ಒಂದು ಮನೆಯಲ್ಲಿ ಕೂತು ಪಕ್ಕದ ಮನೆಯ ದೇವರ ಬಗ್ಗೆ ಹಗುರವಾಗಿ ಮಾತಾಡಬೇಡಿ. ನೀವು ಬೈದದ್ದು ಅವರ ಚಿಕ್ಕಪ್ಪನನ್ನೇ.

ಮನೆಯ ಮೂಲೆಯಲ್ಲಿ ಹಿರಿಯರ ಹೆಸರಲ್ಲಿ ತೆಂಗಿನಕಾಯಿ ಇಟ್ಟಿರೋದು ಕಾಣಬಹುದು. ಅದು ಸತ್ತ ಅಜ್ಜ ಅಜ್ಜಿಯರ ಜಾಗ. ಮುಟ್ಟಬೇಡಿ, ಮೂಢನಂಬಿಕೆ ಅನ್ನಬೇಡಿ. ತೀರಿಹೋದವರಿಗಾಗಿ ನೀವೂ ನವೆಂಬರ್ 2ಕ್ಕೆ ಪ್ರಾರ್ಥನೆ ಮಾಡ್ತೀರಿ ಅಲ್ವಾ?

ಮತ್ತೆ, ನಿಮ್ಮಲ್ಲಿಗೆ ಬರುವ ಅತಿಥಿಗಳಿಗಾಗಿ ನಮ್ಮವರನ್ನು ಡಮಾಮಿ ಕುಣಿಸಬೇಡಿ. ಕುಣಿತ ನಮ್ಮದು, ನಮ್ಮ ಖುಷಿಗೆ. ಮಕ್ಕಳ ಗುಂಗುರು ಕೂದಲು ಮುಟ್ಟಿ ನೋಡುವುದೂ ಬೇಡ. ಊರಿಗೆ ಬಂದವರೆಲ್ಲ ಇದನ್ನೇ ಮಾಡಿದ್ದಾರೆ. ಮಕ್ಕಳು ನಗುತ್ತಾರೆ, ಆದರೆ ಮನಸ್ಸಿಗೆ ನಾಟುತ್ತೆ. ನನಗೂ ನಾಟಿದೆ. ಅದರ ಬದಲು ಅವರ ಜೊತೆ ಕೂತು ಲೆಕ್ಕ ಹೇಳಿಕೊಡಿ.

ನಿವೃತ್ತ ಉಪದೇಶಿ (ಚರ್ಚಿನ ಬೋಧಕ):
ನಾನು ಕಾಗದಪತ್ರದ ವಿಷಯ ಮಾತ್ರ ಹೇಳುತ್ತೇನೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕಾಡಿನ ಜಮೀನು ಉಳುವವರಿಗೆ ಅದರ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರಲ್ಲಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಆ ಜಮೀನಿನಲ್ಲಿದ್ದರು ಅಂತ ತೋರಿಸಿದರೆ ಸಾಕು. ಬೇರೆಯವರ ಹಾಗೆ ಮೂರು ತಲೆಮಾರು, ಅಂದರೆ 75 ವರ್ಷದ ದಾಖಲೆ ಬೇಕಿಲ್ಲ. ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಈ ತಿಳುವಳಿಕೆ ಇಟ್ಟುಕೊಂಡು ಹೋಗಿ. ಒಂದು ದಿನ ಅವರಾಗಿಯೇ ತಗಡಿನ ಪೆಟ್ಟಿಗೆ ತೆರೆದು, ಮಡಿಕೆ ಬಿದ್ದ ಕಾಗದ ತಂದು ಓದಿ ಅನ್ನುತ್ತಾರೆ. ಆಗ ಪೂರ್ತಿ ಓದಿ ಹೇಳಿ. ಹೆಸರು, ಸಂಬಂಧ ಬರೆದುಕೊಳ್ಳಲು ಅದೇ ಸರಿಯಾದ ಹೊತ್ತು. ಅವರ ಎದುರಿಗೇ, ಅವರ ಒಪ್ಪಿಗೆಯಿಂದ ಬರೆಯಿರಿ, ಒಂದು ಪ್ರತಿ ಅವರಿಗೇ ಕೊಡಿ.

ಆದರೆ ಅರ್ಜಿ ಬರೆದುಕೊಟ್ಟ ದಿನ ಪ್ರಾರ್ಥನೆಗೆ ಬನ್ನಿ ಅಂತ ಕರೆಯಬೇಡಿ. ಸಹಾಯ ಪಡೆದವರಿಗೆ ಇಲ್ಲ ಅನ್ನೋದು ಕಷ್ಟ. ಹಾಗೆ ಬಂದವರು ಮನಸ್ಸಿನಿಂದ ಬಂದವರಲ್ಲ, ಅದನ್ನು ಭಕ್ತಿ ಅಂತ ಎಣಿಸುವುದು ಅವರಿಗೂ ದೇವರಿಗೂ ಅನ್ಯಾಯ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೇಳಿದವರು:
ತುಂಬಾ ಉಪಕಾರ ಆಯ್ತು. ನಮ್ಮ ಮನೆಮಾತು ಕೊಂಕಣಿ. ಅಲ್ಲಿ ನಡೆಯುತ್ತದೆಯೇ? ಮತ್ತೆ ಊಟಕ್ಕೆ ಎಲ್ಲರೂ ಕರೆದರೆ ಏನು ಮಾಡುವುದು?

ನರ್ಸ್:
ನಡೆಯುತ್ತೆ ಸಿಸ್ಟರ್. ಅವರಾಡುವುದು ಕನ್ನಡ, ಮರಾಠಿ ಬೆರೆತ ಕೊಂಕಣಿ. ನಿಮ್ಮ ರಾಗ ಬೇರೆ, ಕಿವಿ ಹೊಂದಲು ಸ್ವಲ್ಪ ದಿನ ಬೇಕು. ಶಾಲೆಗೆ ಹೋಗುವ ಮಕ್ಕಳ ಹತ್ತಿರ ಕನ್ನಡದಲ್ಲೇ ಮಾತಾಡಬಹುದು. ಊಟಕ್ಕೆ ಮೊದಲು ಅಜ್ಜಿಯ ಮನೆ. ಆಮೇಲಿನ ಸರದಿ ಅಜ್ಜಿಯನ್ನೇ ಕೇಳಿ, ಅವರು ಹೇಳಿದ ಹಾಗೆ ಹೋಗಿ. ಹೊಟ್ಟೆ ತುಂಬಾ ಊಟ ಮಾಡಿ, ಆದರೆ ಕೂಲಿ ಸಿಗದ ಮಳೆಗಾಲದ ದಿನಗಳಲ್ಲಿ ಚಾ ಸಾಕು ಅನ್ನಿ.